ನನ್ನ ಮಾನಿಟರಿಗೆ ನಾನೇ ಬಣ್ಣ ಹೊಂದಿಸಿದ್ದು

ಅಫಜಲಪುರದಲ್ಲಿ ಫೋಟೊ ಸ್ಟುಡಿಯೊ ಇಟ್ಟವನು ನಾನು. ಬಣ್ಣದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹೆಂಡತಿ ಶಾಹೀನಳ ತಮ್ಮ ಇರ್ಫಾನನ ಮದುವೆ ಫೋಟೊ ತಿದ್ದಲೆಂದೇ ಹೊಸ ಮಾನಿಟರ್ ತಂದೆ. ಅದರ ಬಣ್ಣ ಹೊಂದಿಸುವ ಘನಕಾರ್ಯವನ್ನೂ ನಾನೇ ವಹಿಸಿಕೊಂಡೆ.

"ಬಣ್ಣ ಅಳೆಯೋ ಮಷೀನ್ ಕಲಬುರಗಿ ದೋಸ್ತನ ಹತ್ರ ಐತಲ್ರಿ, ಇಸ್ಕೊಂಡು ಬರ್ರಿ," ಎಂದಳು ಶಾಹೀನ್.

"ಎಷ್ಟೋ ಮದುವಿ ನೋಡಿದ ಕಣ್ಣು ಇದು! ಮಷೀನ್ ಯಾಕ ಬೇಕು?"

ಮಾನಿಟರಿನಲ್ಲಿ ಕಂಪನಿಯವರೇ ಬಣ್ಣ ಹೊಂದಿಸಿಟ್ಟ ಹತ್ತಾರು ಕಲರ್ ಪ್ರೊಫೈಲುಗಳಿದ್ದವು. ಯಾವುದೂ ನನ್ನ ಯೋಗ್ಯತೆಗೆ ತಕ್ಕುದಾಗಿರಲಿಲ್ಲ. ಎಲ್ಲವನ್ನೂ ಧಿಕ್ಕರಿಸಿ, ನನ್ನದೇ ಒಂದನ್ನು ತಯಾರಿಸಲು ಕುಳಿತೆ. ಬಿಳಿ ಸರಿಯಾದರೆ ಉಳಿದ ಬಣ್ಣಗಳು ತಾವಾಗಿ ದಾರಿಗೆ ಬರುತ್ತವೆ. ಶುಕ್ರವಾರದ ನಮಾಜಿಗೆ ಒಗೆದಿಟ್ಟ ಬಿಳಿ ಜುಬ್ಬಾ ತಂದು ಪರದೆಯ ಪಕ್ಕ ತೂಗುಹಾಕಿ, ಎರಡೂ ಬಿಳಿ ಒಂದಾಗುವ ತನಕ ಗುಂಡಿ ಒತ್ತಿದೆ. ಒಂದಾದವು!

ಆಮೇಲೆ ಫೋಟೊ ತೆರೆದರೆ ವಧೂವರರು ಚಳಿ ಹಿಡಿದವರಂತೆ ನೀಲಿಗಟ್ಟಿದ್ದರು. ಇದು ಕ್ಯಾಮೆರಾದ ತಪ್ಪೆಂದು ತೀರ್ಮಾನಿಸಿ, ಪ್ರತಿ ಫೋಟೊಗೂ ಧಾರಾಳವಾಗಿ ಹಳದಿ ಸುರಿದೆ. ಪರದೆಯ ಮೇಲೆ ಎಲ್ಲರ ಮುಖವೂ ಅರಳಿತು. ಆಲ್ಬಮ್ ಪ್ರಿಂಟಾಗಿ, ನಾನು ಬಿಚ್ಚಿಯೂ ನೋಡದೆ, ನೇರ ಜೇವರ್ಗಿಯ ಬೀಗರ ಮನೆ ಸೇರಿತು.

ಅಂದೇ ಹುಡುಗಿಯ ತಾಯಿಯ ಫೋನು.

"ಭಾಯ್‌ಸಾಬ್, ನಮ್ಮ ಅಳಿಯನ ತಬಿಯತ್ ಸರಿ ಐತೇನ್ರಿ?"

"ಗಟ್ಟಿ ಅದಾನ್ರಿ. ಯಾಕ್ರೀ?"

"ಆಲ್ಬಮ್‌ನ್ಯಾಗ ಮಾರಿ ಪೂರಾ ಹಳದಿ ಆಗೇತ್ರಿ! ನನ್ನ ಮಗಳದ್ದೂ ಹಂಗ!"

ನಾನು ಬಗ್ಗಲಿಲ್ಲ. "ಮದುವಿ ಮನ್ಯಾಗ ಅರಿಶಿಣ ಹಚ್ಚಿರ್ತಾರಲ್ರಿ. ಇನ್ನೂ ಇಳಿದಿಲ್ಲ, ಅಷ್ಟ!"

"ಖಾಜಿ ಸಾಹೇಬ್ರಿಗೆ ಯಾರು ಹಚ್ಚಿದ್ರಿ?"

ಫೋನು ಕಟ್ಟಾಯಿತು.

ಶಾಹೀನ್ ಬಂದು ಪರದೆ ನೋಡಿದಳು, ಜುಬ್ಬಾ ನೋಡಿದಳು. ತಲೆ ಹಿಡಿದುಕೊಂಡಳು.

"ಇದನ್ನ ಒಗದು ನೀಲಿ ನೀರಾಗ ಅದ್ದೀನ್ರಿ! ಹೊಳಪು ಬರ್ಲಿ ಅಂತ ಈ ಸಲ ಜರಾ ಜಾಸ್ತಿನೇ ಹಾಕೀನಿ."

ಅಂದರೆ ನೀಲಿಗಟ್ಟಿದ್ದು ಜನರಲ್ಲ, ನನ್ನ ಪರದೆ. ಅದರ ಚಿಕಿತ್ಸೆಯನ್ನು ನಾನು ಜನರಿಗೆ ಮಾಡಿದ್ದೆ!

"ಹಂಗಾದ್ರ ತಪ್ಪು ನಿಂದು!" ಎಂದೆ. ಅಂದು ಮನೆಯಲ್ಲಿ ನನಗೆ ಚಹಾ ಸಿಗಲಿಲ್ಲ.

ಕೊನೆಗೆ ಕಲಬುರಗಿಯ ಮಷೀನು ಬಂತು, ಪರದೆ ಸರಿಹೋಯಿತು, ಬೀಗರಿಗೆ ಹೊಸ ಆಲ್ಬಮ್ ಹೋಯಿತು. ಆದರೆ ನಾನು ಸೋಲೊಪ್ಪುವ ಕುಳವಲ್ಲ. ಹಳೆಯ ಆಲ್ಬಮಿನ ಇರ್ಫಾನನ ಫೋಟೊವನ್ನು ದೊಡ್ಡದು ಮಾಡಿಸಿ, ಸ್ಟುಡಿಯೊ ಬಾಗಿಲಿಗೇ ಹಾಕಿದ್ದೇನೆ. ಕಲೆ ಬಲ್ಲವರು ಗುರುತಿಸಲಿ ಎಂದು!

ಮೊನ್ನೆ ಮಣ್ಣೂರಿನ ಹಿರಿಯರೊಬ್ಬರು ಅದರೆದುರು ಬಹಳ ಹೊತ್ತು ನಿಂತರು. ನನ್ನ ಎದೆ ಉಬ್ಬಿತು. ಒಳಗೆ ಬಂದು ಮೆಲ್ಲಗೆ ಕೇಳಿದರು:

"ಕಾಮಾಲಿ ಔಷಧ ಕೊಡೋದು ಇಲ್ಲೇ ಏನ್ರಿ?"