ಸುಭೇದಾರನ ಸರಹದ್ದು

ರೇಣಮ್ಮ ಬೇಸಿಗೆಯುದ್ದಕ್ಕೂ ಕೂತು ಹೊಲಿದ ಹೊಸ ಕೌದಿಯ ಮೇಲೆ, ಬೆಳಗಾಗುತ್ತಲೇ ಸುಭೇದಾರ ಕಾಲೆತ್ತಿದ.

ಸುಭೇದಾರ ಎಂದರೆ ನಾಯಿ. ವರ್ಷ ತುಂಬಿ, ಮನುಷ್ಯನಾಗಿದ್ದರೆ ಮೀಸೆ ಚಿಗುರುವ ವಯಸ್ಸಿಗೆ ಬಂದಿದ್ದ ಗಂಡುನಾಯಿ. ಮರಿಯಾಗಿದ್ದಾಗ ಮರ್ಯಾದೆಯಿಂದ ಹಿತ್ತಲಿಗೆ ಹೋಗಿ ಬರುತ್ತಿದ್ದ. ಈಗ ಕೆಲವು ದಿನಗಳಿಂದ ಮನೆಯ ಕಂಬ, ಜೋಳದ ಚೀಲ, ಕೊಡೆ, ಯಾವುದನ್ನೂ ಬಿಟ್ಟಿರಲಿಲ್ಲ. ಒಂದೊಂದಕ್ಕೂ ನಾಲ್ಕೇ ಹನಿ, ರುಜು ಹಾಕಿದ ಹಾಗೆ. ಹೊಸ ವಸ್ತು ಮನೆಗೆ ಬಂತೋ, ಮೊದಲ ರುಜು ಅವನದೇ.

ಶಹಾಪುರ ಹೈದರಾಬಾದಿನಿಂದ ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಹೊರಗೆ ಸರ್ಕಾರ ಸರಹದ್ದು ತಿದ್ದುತ್ತಿತ್ತು, ಒಳಗೆ ಸುಭೇದಾರ. ಕಚೇರಿಯ ಗುಮಾಸ್ತ ಸೂಗಪ್ಪನಿಗೆ ಎರಡರಿಂದಲೂ ಸಾಕುಸಾಕಾಗಿತ್ತು. ಹಗಲೆಲ್ಲ ಉರ್ದು ಕಾಗದಗಳನ್ನು ಕನ್ನಡಕ್ಕಿಳಿಸುವುದು, ಸಂಜೆ ಬಂದು ನೆಲ ಒರೆಸುವುದು.

"ಏನ್ರಿ, ಕೇಳ್ರಿಲ್ಲಿ," ಎಂದಳು ರೇಣಮ್ಮ, ಕೌದಿಯನ್ನು ನೀರಿಗೆ ಹಾಕುತ್ತ. "ಇವತ್ತ ದೀಪ ಹಚ್ಚೋದ್ರಾಗ ಇದರ ಆಟ ಬಂದ್ ಆಗ್ಬೇಕು. ಇಲ್ಲಂದ್ರ ನಾ ದೋರನಹಳ್ಳಿಗೆ, ತವರಮನಿಗೆ ಹೊಂಟೆ. ಸುಭೇದಾರನ ಕೂಡ ನೀವ ಸಂಸಾರ ಮಾಡ್ರಿ."

ಅಷ್ಟು ಹೇಳಿ ಸೀರೆಗಳನ್ನು ಗಂಟು ಕಟ್ಟಿ ಬಾಗಿಲ ಬಳಿ ಇಟ್ಟಳು. ರೇಣಮ್ಮ ಬಾಯಿಮಾತಿಗೆ ಹೆದರಿಸುವವಳಲ್ಲ. ಸೂಗಪ್ಪನ ಕಚೇರಿಯ ಗೊಣಗಾಟವನ್ನು ಕೊನೆಯವರೆಗೆ ಕೇಳುವ ಜೀವ ಇಡೀ ಊರಲ್ಲಿ ಅವಳೊಬ್ಬಳೇ. ಅವಳಿಲ್ಲದ ಮನೆ ಅವನಿಗೆ ಬೇಡವೇ ಬೇಡ. ಕಚೇರಿಗೆ ರಜೆ ಹೇಳಿ ಕಳಿಸಿದ.

ಪಕ್ಕದ ಮನೆಯ ಕುಬ್ರಾಬೇಗಂ ಗೋಡೆಯ ಮೇಲಿಂದ ಎಲ್ಲ ಕೇಳಿಸಿಕೊಂಡಿದ್ದಳು.

"ಸೂಗಪ್ಪಭಾಯಿ, ವಾಸನಿ ಇರೋತನಕ ಅದು ಅಲ್ಲೇ ಮಾಡ್ತದ. ಬೇವಿನೆಲಿ ಹೊಗಿ ಹಾಕ್ರಿ. ವಾಸನಿ ಹೋದ್ರ ಕಾಲೆತ್ತೋ ಆದತ್‌ನೂ ಹೋತು," ಎಂದು ಕೆಂಡ ತುಂಬಿದ ತನ್ನ ಅಗ್ಗಿಷ್ಟಿಕೆಯನ್ನೇ ದಾಟಿಸಿದಳು.

ಮನೆ ತುಂಬ ಹೊಗೆ. ಸೂಗಪ್ಪ ಕಣ್ಣೊರೆಸಿಕೊಂಡು ಕೆಮ್ಮುತ್ತಿರುವಾಗ ಸುಭೇದಾರ ಬಂದು ಅಗ್ಗಿಷ್ಟಿಕೆಯನ್ನು ಒಂದು ಸುತ್ತು ಹಾಕಿದ. ಹೊಸ ವಸ್ತು! ಕೆಂಡ ಚುಂಯ್ ಎಂದಿತು. ಆಮೇಲೆ ಎದ್ದ ವಾಸನೆಗೆ ಓಣಿಯವರೆಲ್ಲ ಬಾಗಿಲು ಹಾಕಿಕೊಂಡರು.

"ಯಾ ಅಲ್ಲಾ! ನಮ್ಮ ಅಮ್ಮೀ ಕೊಟ್ಟಿದ್ದ ಅಗ್ಗಿಷ್ಟಿಗಿ!" ಎಂದು ಕುಬ್ರಾಬೇಗಂ ಚೀರಿದಳು. ಸೂಗಪ್ಪ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತ ಕುಳಿತ.

ಅಷ್ಟರಲ್ಲಿ ಸೂಗಪ್ಪ ಸಾಹೇಬರು ರಜೆ ಯಾಕೆ ಹಾಕಿದರೆಂದು ನೋಡಲು ಕಚೇರಿಯ ಜವಾನ ಹುಲಗಪ್ಪ ಬಂದ. ಕತೆ ಕೇಳಿ ನಕ್ಕುಬಿಟ್ಟ.

"ಇಷ್ಟೇನ್ರಿ? ಹೊರಗ ಕಟ್ರಿ. ಹೊರಗಿದ್ದ ನಾಯಿ ಒಳಗ ಹೆಂಗ ಕಾಲೆತ್ತತದ?"

ಮಾತು ಸರಿಯಾಗಿಯೇ ಇತ್ತು. ಹುಲಗಪ್ಪ ತಾನೇ ಮುಂದಾಗಿ ಬೇವಿನ ಮರಕ್ಕೆ ಹಗ್ಗ ಬಿಗಿಯಲು ಬಗ್ಗಿದ. ಸುಭೇದಾರ ಹಿಂದಿನಿಂದ ಬಂದು ಅವನ ಖಾಕಿ ಪಾಯಿಜಾಮವನ್ನು ಮೂಸಿದ.

"ಅಯ್ಯಯ್ಯ! ನನಗೂ ರುಜು ಬಿತ್ತಲ್ರಿ!" ಎಂದು ಹುಲಗಪ್ಪ ಎಗರಿದ. "ಇದನ್ನ ಎಲ್ಲಿಂದ ತಂದೀರಿ ಅಲ್ಲೇ ಬಿಟ್ಟು ಬರ್ರಿ, ಸಾಹೇಬ್ರ!"

ತಂದದ್ದು ಊರಾಚೆಯ ಗುಡ್ಡದ ಬುಡದಲ್ಲಿದ್ದ ಕುರಿಹಟ್ಟಿಯಿಂದ. ಸೂಗಪ್ಪ ಉರಿಬಿಸಿಲಲ್ಲಿ ನಾಯಿ ಎಳೆದುಕೊಂಡು, ಸಿಕ್ಕ ಕಲ್ಲಿಗೆಲ್ಲ ನಿಂತು ನಿಂತು, ಅಲ್ಲಿಗೆ ಮುಟ್ಟಿದ. ಕುರಿಗಾರ ಅಮೋಘಸಿದ್ದ ನಾಯಿಯ ಬೆನ್ನು ಸವರಿ ಖುಷಿಪಟ್ಟ.

"ಇಲ್ಲೇ ಬಿಡ್ರಿ, ತೋಳದ ಕಾಟ ಭಾಳ ಆಗ್ಯಾದ. ಆದ್ರ ಹಟ್ಟಿಗೆ ಒಂದು ಜೀವ ಬಂದ್ರ ಹಟ್ಟಿಯಿಂದ ಒಂದು ಜೀವ ಹೋಗ್ಬೇಕ್ರಿ. ನಿಮ್ಮನ್ನ ಬರಿಗೈಲೆ ಕಳಸಿದ್ರ ಕುರಿಗೆ ಒಳ್ಳೇದಲ್ಲ. ನಮ್ಮ ಮುತ್ಯಾನ ಕಾಲದಿಂದ ಹಿಂಗ."

"ನನಗೇನೂ ಬ್ಯಾಡೋ ಯಪ್ಪಾ."

"ಬ್ಯಾಡಂದ್ರ ನಾಯಿನೂ ಕರ್ಕೊಂಡು ನಡೀರಿ."

ವಾದ ಮಾಡುವ ತ್ರಾಣ ಸೂಗಪ್ಪನಲ್ಲಿ ಉಳಿದಿರಲಿಲ್ಲ. "ಏನರ ಕೊಡು. ಕಾಲೆತ್ತೋ ಜಾತಿ ಮಾತ್ರ ಬ್ಯಾಡ, ಅಷ್ಟ."

ಅಮೋಘಸಿದ್ದ ಗದ್ದ ಕೆರೆದುಕೊಂಡು ಪ್ರಾಮಾಣಿಕವಾಗಿಯೇ ಯೋಚಿಸಿದ. ಆಮೇಲೆ ಉದ್ದ ಗಡ್ಡದ ಒಂದು ಹೋತವನ್ನು ತಂದು ಹಗ್ಗ ಕೈಗಿಟ್ಟ. "ಇದು ಜನ್ಮದಾಗ ಕಾಲೆತ್ತಂಗಿಲ್ಲ ನೋಡ್ರಿ."

ಹೊರಟಾಗ ಗೂಟಕ್ಕೆ ಕಟ್ಟಿದ ಸುಭೇದಾರ ಕುಂಯ್ ಎಂದ. ಸೂಗಪ್ಪ ಹೋತವನ್ನು ಎಳೆದುಕೊಂಡು ನಡೆದ, ತಿರುಗಿ ನೋಡಲಿಲ್ಲ.

ಹೋತವನ್ನು ಹೊರಗೆ ಬೇವಿನ ಮರಕ್ಕೆ ಕಟ್ಟಿ, ನಾಯಿಯಿಲ್ಲದೆ ಒಳಗೆ ಬಂದ ಗಂಡನನ್ನು ಕಂಡು ರೇಣಮ್ಮ ಗಂಟು ಬಿಚ್ಚಿದಳು. ಒಗೆದು ಒಣಗಿದ ಕೌದಿಯನ್ನು ಪಡಸಾಲೆಯಲ್ಲಿ ಹಾಸಿ, ಚಹಾ ತಂದುಕೊಟ್ಟಳು. "ಪಾಪ, ಅಲ್ಲೇನು ತಿಂತದೋ ಏನೋ," ಎಂದು ಮರುಗಿದಳು ಕೂಡ. ಆಮೇಲೆ ಮೂಗರಳಿಸಿದಳು. "ಇದೇನ್ರಿ ಇದು ನಾತ?"

"ಹಟ್ಟಿದು. ಹೋಗ್ತದ ತಗೋ."

ಅಷ್ಟರಲ್ಲಿ ಹೋತ ಹಗ್ಗ ಕಿತ್ತುಕೊಂಡು ಒಳಗೆ ನುಗ್ಗಿತು. ಕೌದಿ ಮೂಸಿತು, ಮೇಲ್ದುಟಿ ಸುರುಳಿಸಿತು. ನಾಲ್ಕೂ ಕಾಲು ನೆಲದ ಮೇಲೆ ಗಟ್ಟಿಯಾಗಿ ಊರಿ, ತಲೆಯನ್ನು ಹೊಟ್ಟೆಯ ಕೆಳಗೆ ತೂರಿಸಿ, ತನ್ನ ಗಡ್ಡವನ್ನು ತಾನೇ ತೋಯಿಸಿಕೊಂಡಿತು. ಆಮೇಲೆ ಆ ಗಡ್ಡವನ್ನು ಕೌದಿಗೆ ನೆಮ್ಮದಿಯಿಂದ ಒರೆಸಿತು.

"ಕಾಲಂತೂ ಎತ್ತಲಿಲ್ಲ," ಎಂದ ಸೂಗಪ್ಪ.

ರೇಣಮ್ಮ ಮತ್ತೆ ಗಂಟು ಕಟ್ಟಿ ಹೊಸ್ತಿಲು ದಾಟಿ, ಚಪ್ಪಲಿ ಮೆಟ್ಟಲು ಗಂಟನ್ನು ಕೆಳಗಿಟ್ಟಳು. ಎದುರಿಗೆ, ಕಡಿದ ಹಗ್ಗದ ತುಂಡು ಕೊರಳಲ್ಲಿ ನೇತಾಡಿಸಿಕೊಂಡು, ಬಾಲ ಅಲ್ಲಾಡಿಸುತ್ತ ಸುಭೇದಾರ ಬರುತ್ತಿದ್ದ. ಬಂದವನೇ ಗಂಟು ಮೂಸಿ ಕಾಲೆತ್ತಿದ.

ರೇಣಮ್ಮ ಗಂಟನ್ನೇ ನೋಡುತ್ತ ನಿಂತಳು. ಹೋಗಲಿಕ್ಕಿಲ್ಲ ಎಂದು ಸೂಗಪ್ಪನಿಗೆ ಆಸೆ ಚಿಗುರಿತು. ಅದು ನಿಜವೂ ಆಯಿತು.

"ಅಲ್ಲ, ಮನಿ ತಿಕ್ಕಿ ತೊಳಿಯಾಕಿ ನಾನು. ನಾ ಯಾಕ ಹೋಗ್ಲಿ?" ಎಂದಳು. "ಇವೆರಡನ್ನೂ ತಂದವರು ನೀವು. ನೀವ ನಡೀರಿ."

ಹೋತವನ್ನು ಹೊರಗೆ ತಳ್ಳಿದಳು, ಹಿಂದೆಯೇ ಗಂಡನನ್ನು. ಒಳಗಿನಿಂದ ಚಿಲಕ ಬಿತ್ತು.

ಸೂಗಪ್ಪ ಕಟ್ಟೆಯ ಮೇಲೆ ಕುಸಿದ. ಒಂದು ಕಡೆ ಹೋತ, ಇನ್ನೊಂದು ಕಡೆ ಸುಭೇದಾರ. ಗೋಡೆಯ ಮೇಲಿಂದ ಕುಬ್ರಾಬೇಗಂ ಇಣುಕಿ, "ಸೂಗಪ್ಪಭಾಯಿ, ಅಗ್ಗಿಷ್ಟಿಗಿ ಬೇಕೇನ್ರಿ?" ಎಂದು ಕೇಳಿದಳು.

ಸುಭೇದಾರ ಎದ್ದು ಬಂದು ಅವನ ಧೋತರ ಮೂಸಿದ. ಅದರ ತುಂಬ ಹೋತದ ವಾಸನೆ. ಹೊಸ ವಸ್ತುವೆಂದು ನಿರ್ಧರಿಸಿ, ನಿಧಾನವಾಗಿ ಕಾಲೆತ್ತಿದ. ಸೂಗಪ್ಪ ಅಲುಗಾಡಲಿಲ್ಲ. ಹೆಂಡತಿಯ ಮನೆಯಿಂದ ಹೊರಬಿದ್ದವನು ಅಂದು ಸಂಜೆ ಸುಭೇದಾರನ ರಾಜ್ಯದಲ್ಲಿ ವಿಲೀನನಾದ.