ರಂಗವ್ವ ಕೊಟ್ಟ ಬಾಟಲಿ

ಹರಿಹರದ ಬೀಗರ ಮನೆಯಲ್ಲಿ ಹೋಳಿಗೆ ಊಟ ಇದ್ದ ದಿನವೇ ನಿಟ್ಟುವಳ್ಳಿಯ ವಾಮದೇವಪ್ಪನವರಿಗೆ ಉರಿಮೂತ್ರ ಶುರುವಾಯಿತು. ಹೊಟ್ಟೆಯಡಿ ಯಾರೋ ಮಂಡಕ್ಕಿ ಭಟ್ಟಿ ಹೊತ್ತಿಸಿಟ್ಟಂಥ ಉರಿ. ಆದರೂ ಅವರಿಗೆ ಹೋಳಿಗೆಯದೇ ಚಿಂತೆ. ಮಗಳನ್ನು ಕೊಟ್ಟ ಮೇಲೆ ಬೀಗ ಮಲ್ಲೇಶಪ್ಪ ಕರೆದ ಮೊದಲ ಊಟ ಅದು.

ಆಸ್ಪತ್ರೆಗೆ ಮೂತ್ರ ಒಯ್ಯಲು ಹೆಂಡತಿ ಮರುಳಸಿದ್ದಮ್ಮ ಪಕ್ಕದ ಮನೆ ರಂಗವ್ವನಿಂದ ಒಂದು ಗಾಜಿನ ಬಾಟಲಿ ಇಸಿದುಕೊಂಡು ಬಂದರು. ಕರೆಂಟು ಹೋಗಿತ್ತು. ವಾಮದೇವಪ್ಪ ಬಚ್ಚಲಿನ ಕತ್ತಲಲ್ಲೇ ಕೆಲಸ ಮುಗಿಸಿದರು. ಬಾಟಲಿ ಕೊಟ್ಟ ಹಕ್ಕಿನ ಮೇಲೆ ರಂಗವ್ವನೂ ಆಟೋ ಹತ್ತಿ, ದಾರಿಯುದ್ದಕ್ಕೂ ಬಾರ್ಲಿ ಗಂಜಿ, ಎಳನೀರು ಅಂತ ಔಷಧ ಹೇಳಿದಳು.

ಪರೀಕ್ಷೆಯಲ್ಲಿ ಸೋಂಕು ಕಂಡಿತು. ಜೊತೆಗೆ ಪಾನಕದಷ್ಟು ಸಕ್ಕರೆಯೂ ಕಂಡಿತು. ಡಾಕ್ಟರ್ ವಾಣಿ ಹುಬ್ಬೇರಿಸಿದರು. ಸಕ್ಕರೆ ಕಾಯಿಲೆ ಇದ್ದವರಿಗೆ ಈ ಸೋಂಕು ಬಂದರೆ ಅದು ಕಾಂಪ್ಲಿಕೇಟೆಡ್, ಕಿಡ್ನಿವರೆಗೂ ಏರಬಹುದು, ರಕ್ತ ನೋಡಿಯೇ ಹೇಳಬೇಕು ಎಂದರು. ಚೀಟಿಯಲ್ಲಿ ಸಕ್ಕರೆ ಕಾಯಿಲೆಯ ಹೆಸರು ಬರೆದು ಮುಂದೊಂದು ಪ್ರಶ್ನೆ ಚಿಹ್ನೆ ಹಾಕಿದರು.

ಚೀಟಿ ಆಸ್ಪತ್ರೆಯ ಗುಮಾಸ್ತ ಬಕ್ಕೇಶನ ಮೇಜಿಗೆ ಹೋಯಿತು. ಒಂದೊಂದು ಕಾಯಿಲೆಗೂ ಒಂದೊಂದು ಕೋಡ್ ನಂಬರ್ ಹಾಕುವುದು ಅವನ ಕೆಲಸ. ಹರಿಹರದಲ್ಲಿ ಬೀಗರ ಓಣಿಯವನೇ. ಸಕ್ಕರೆ ಕಾಯಿಲೆಯ ಕೋಡನ್ನು ದಪ್ಪಗೆ ಬರೆದೇಬಿಟ್ಟ.

"ಅಲ್ಲಿ ಪ್ರಶ್ನೆ ಚಿಹ್ನೆ ಐತಲ್ಲೋ," ಅಂದರು ವಾಮದೇವಪ್ಪ.

"ಪ್ರಶ್ನೆ ಚಿಹ್ನೆಗೆ ಕೋಡ್ ಇಲ್ರಿ ಯಜಮಾನ್ರೆ. ಕಾಯಿಲೆಗೆ ಐತೆ, ಅದನ್ನ ಹಾಕೀನಿ."

ಇನ್ನು ಹೋಳಿಗೆ ಮುಟ್ಟುವಂತಿಲ್ಲ ಎಂದು ಮರುಳಸಿದ್ದಮ್ಮ ಅಲ್ಲೇ ತೀರ್ಪು ಕೊಟ್ಟರು. ವಾಮದೇವಪ್ಪನವರ ಮುಖ ಆರಿದ ದೋಸೆಯಂತೆ ಮುದುಡಿತು. ರಕ್ತ ಕೊಡಲು ಬೆಂಚಿನ ಮೇಲೆ ಕೂತಿದ್ದಾಗ ರಂಗವ್ವ ಮೆಲ್ಲಗೆ ಕೇಳಿದಳು:

"ಅಲ್ಲಕ್ಕಾ, ಬಾಟ್ಲಿ ಖಾಲಿ ಕೊಡಬಾರದು ಅಂತ ಒಂದೀಟು ಗ್ಲೂಕೋಸ್ ಪುಡಿ ಹಾಕಿ ಕೊಟ್ಟಿದ್ನಲ್ಲ, ಅದನ್ನ ಡಬ್ಬಿಗೆ ಸುರುವಿಕೊಂಡ್ಯೋ ಇಲ್ಲೋ?"

ಮರುಳಸಿದ್ದಮ್ಮ ಎದ್ದವರೇ ಡಾಕ್ಟರ ಕೋಣೆಗೆ ಓಡಿದರು.

ಡಾಕ್ಟರಮ್ಮ ನಕ್ಕ ನಗುವಿಗೆ ಕನ್ನಡಕ ಮೂಗಿನ ತುದಿಗೆ ಬಂತು. ಆಸ್ಪತ್ರೆಯದೇ ಬಾಟಲಿಯಲ್ಲಿ ಮತ್ತೆ ಮೂತ್ರ ನೋಡಿದರು, ರಕ್ತವನ್ನೂ ನೋಡಿದರು. ಸಕ್ಕರೆ ಎಲ್ಲೂ ಇಲ್ಲ. ಸೋಂಕೇನೋ ನಿಜ, ಗಂಡಸರಿಗೆ ಬಂದರೆ ಹಗುರಾಗಿ ತಗೋಬಾರದು, ಮಾತ್ರೆ ಪೂರ್ತಿ ಮುಗಿಸಿ, ಯಾವ ಕ್ರಿಮಿ ಅಂತ ತಿಳಿಸುವ ಕಲ್ಚರ್ ರಿಪೋರ್ಟ್ ಬಂದ ಮೇಲೆ ಬನ್ನಿ ಎಂದರು.

"ಹೋಳಿಗೆ?"

"ಧಾರಾಳವಾಗಿ ತಿನ್ರಿ."

ಎಲೆಕ್ಷನ್ ಗೆದ್ದವರ ಹಾಗೆ ವಾಮದೇವಪ್ಪ ಬಕ್ಕೇಶನ ಮುಂದೆ ನಿಂತು ಕೋಡನ್ನು ಕೆಂಪು ಶಾಯಿಯಲ್ಲಿ ಹೊಡೆಸಿದರು. ಅವನು ಏನೋ ಹೇಳಲು ಬಾಯಿ ತೆರೆದ. ಇವರು ಕೇಳುವ ಸ್ಥಿತಿಯಲ್ಲಿರಲಿಲ್ಲ. ಮನೆಗೆ ಹೋಗಿ, ಬೀಗರಿಗೆಂದು ಚಕ್ಕುಲಿ ತುಂಬಿದ್ದ ದೊಡ್ಡ ಡಬ್ಬಿಯನ್ನು ಹೆಂಡತಿಯ ಕೈಗೆ ಕೊಟ್ಟು, ರಿಪೋರ್ಟನ್ನು ಬಾವುಟದಂತೆ ಹಿಡಿದು ಹರಿಹರದ ಬಸ್ಸು ಹತ್ತಿದರು.

ಬೀಗರ ಮನೆಯಲ್ಲಿ ಎಲೆ ಹಾಕಿತ್ತು. ತುಪ್ಪದ ವಾಸನೆ ಮಾತ್ರ ಇರಲಿಲ್ಲ. ಎಲೆಯ ತುಂಬಾ ಹಾಗಲಕಾಯಿ ಪಲ್ಯ, ಹಾಗಲಕಾಯಿ ಗೊಜ್ಜು, ಮೆಂತ್ಯ ಸೊಪ್ಪು.

"ಬಕ್ಕೇಶ ಫೋನ್ ಮಾಡಿದ್ದ ಬೀಗರೆ," ಅಂದರು ಮಲ್ಲೇಶಪ್ಪ ಕಣ್ಣು ಒದ್ದೆ ಮಾಡಿಕೊಂಡು. "ನೀವು ತಿನ್ನದ ಹೋಳಿಗೆ ನಮಗೂ ಬ್ಯಾಡ ಅಂತ ಮಾಡಿದ್ದನ್ನೆಲ್ಲ ಓಣಿಗೆ ಹಂಚಿಬಿಟ್ವಿ."

ವಾಮದೇವಪ್ಪ ರಿಪೋರ್ಟು ಎತ್ತಿ ತೋರಿಸಿದರು. ಮನೆಯೆಲ್ಲ ಹಿಗ್ಗಿತು. ಆ ಹಿಗ್ಗಿನಲ್ಲಿ ಇನ್ನೊಂದು ಸೌಟು ಗೊಜ್ಜು ಬಿತ್ತು.

ಹೊರಡುವಾಗ ಬೀಗಿತ್ತಿ ಚಕ್ಕುಲಿ ಡಬ್ಬಿ ವಾಪಸ್ ಕೊಟ್ಟರು. ಭಾರವಾಗಿತ್ತು. ಎಲ್ಲೋ ಒಂದೆರಡು ಹೋಳಿಗೆ ಉಳಿದಿರಬೇಕು ಎಂದು ವಾಮದೇವಪ್ಪ ಬಸ್ಸಿನಲ್ಲಿ ಕೂತವರೇ ಮುಚ್ಚಳ ತೆಗೆದರು.

ಡಬ್ಬಿ ಖಾಲಿ ಕಳಿಸಬಾರದೆಂದು ಬೀಗಿತ್ತಿ ಉಳಿದ ಹಾಗಲಕಾಯಿ ಪಲ್ಯವನ್ನೆಲ್ಲ ಒತ್ತಿ ಒತ್ತಿ ತುಂಬಿದ್ದರು.