ಬಾದಾಮಿ ಮರಕ್ಕೆ ಮರ್ಯಾದೆ

"ನಮ್ಮ ಸೀಮೇಲಿ ಚೆಂದ ಇಲ್ಲ ಅಂದೋರ್ಯಾರು?"

ಹೊಳಲ್ಕೆರೆಯ ಫೋಟೋ ಸ್ಟುಡಿಯೋ ಗಂಗಾಧರಪ್ಪ ಹೀಗೆ ಕೇಳಿದ್ದು ಗಾಳಿಯನ್ನೋ ಬೈಕಿನ ಹ್ಯಾಂಡಲನ್ನೋ ತಿಳಿಯದು. ರಾಮಗಿರಿಯ ದಾರಿಯಲ್ಲಿ ಬೇರೆ ಯಾರೂ ಇರಲಿಲ್ಲ. ಚೆಂದ ಇಲ್ಲ ಅಂದವನು ಸೊಸೈಟಿ ಕಾರ್ಯದರ್ಶಿ ಮುರುಗಪ್ಪ. ಸೊಸೈಟಿಯ ಯುಗಾದಿ ಕ್ಯಾಲೆಂಡರಿಗೆಂದು ಅವನು ಯಾವುದೋ ಪರದೇಶದ ಕೆಂಪೆಲೆ ಮರವನ್ನು ಮೊಬೈಲಿನಲ್ಲಿ ಇಳಿಸಿಟ್ಟುಕೊಂಡಿದ್ದ. "ನಮ್ಮ ಕಡೆ ಉದುರಿದ ಎಲೆ ಅಂದ್ರೆ ಕಸ ಕಣಯ್ಯ. ನಾಳೆ ಪ್ರೆಸ್ಸಿಗೆ ಹೋಗೋದ್ರೊಳಗೆ ಇದಕ್ಕಿಂತ ಚೆಂದದ್ದು ತಂದ್ರೆ ನಿಂದೇ ಹಾಕ್ತೀನಿ" ಎಂದಿದ್ದ. ಜನ್ಮವೆಲ್ಲ ಪಾಸ್‌ಪೋರ್ಟ್ ಫೋಟೋ ಹೊಡೆದ ಗಂಗಾಧರಪ್ಪನಿಗೆ ಈಗ ಒಂದೇ ಆಸೆ: ಮನೆಮನೆಯ ಗೋಡೆಯ ಮೇಲೆ ತನ್ನ ಚಿತ್ರ, ತನ್ನ ಸೀಮೆ.

ರಾಮಗಿರಿಯ ಅಂಚಿನ ಬಾದಾಮಿ ಮರ ಅರ್ಧ ಉದುರಿತ್ತು. ನೆಲ ಕುಂಕುಮದ ಭರಣಿ ಮಗುಚಿದಂತೆ ಕೆಂಪು. ಪಕ್ಕದ ಮನೆಯ ನಿಂಗಕ್ಕ ಹೊಸ್ತಿಲಲ್ಲಿದ್ದಳು.

"ಸಂಜೆ ಬಿಸಿಲಿಗೆ ಈ ಮರದ ಫೋಟೋ ಹೊಡೀತೀನಿ ಅಕ್ಕ. ಕ್ಯಾಲೆಂಡರಿಗೆ. ಜಿಲ್ಲೆಯೆಲ್ಲಾ ನೋಡ್ತೈತೆ."

"ಜಿಲ್ಲೆಯೆಲ್ಲಾನಾ! ಗುಡ್ಡ ಹತ್ತಿ ದೇವ್ರಿಗೆ ಕೈಮುಗಿದು ಬರ್ರಿ. ಮರ ನಾವು ನೋಡ್ಕಂತೀವಿ."

ಆ ಮಾತಿಗೇ ಅವನು ಹೆದರಬೇಕಿತ್ತು.

ಸಂಜೆ ಗುಡ್ಡ ಇಳಿದವನು ನೇರ ಮರದ ಬಳಿಗೆ ಬಂದ. ಒಂದೆಲೆ ಬಿಡದೆ ಗುಡಿಸಿ, ನೀರು ಹಾಕಿ, ಸಗಣಿ ಸಾರಿಸಿ, ತೇರಿನ ಗಾಲಿಯಷ್ಟು ದೊಡ್ಡ ರಂಗೋಲಿ ಬಿಟ್ಟಿದ್ದರು. ಕಾಂಡಕ್ಕೆ ಸುಣ್ಣ-ಕೆಮ್ಮಣ್ಣಿನ ಪಟ್ಟೆ. ಮೇಲೆ ನಿಂಗಕ್ಕನ ತಮ್ಮ, ಕುರಿ ಮೇಯಿಸುವ ಓಬಣ್ಣ, ಗಳ ಹಿಡಿದು ಕೊನೆಯ ಎಲೆಯನ್ನು ಬಡಿಯುತ್ತಿದ್ದ.

"ಫೋಟೋ ನಡುವೆ ಕಸ ಬೀಳಬಾರ್ದಲ್ಲ!" ಎಂದು ಹೆಮ್ಮೆಯಿಂದ ಕೂಗಿದ.

ಕವಚ ಕುಂಡಲ ಕೊಟ್ಟ ಕರ್ಣನಂತೆ ಮರ ಬರಿಮೈಯಲ್ಲಿ ನಿಂತಿತ್ತು.

"ಎಲೆ ಎಲ್ಲಿ ಅಕ್ಕಾ?"

"ತಿಪ್ಪೆಗೆ. ಇನ್ನೆಲ್ಲಿ, ತಿಜೋರಿಗಾ?"

ತಿಪ್ಪೆಗೆ ಓಡಿದ. ಒದ್ದೆ ಎಲೆಯ ರಾಶಿಯ ಮೇಲೆ ಓಬಣ್ಣನ ಕರಿಕುರಿಗಳು ಮೆತ್ತನೆ ಹಾಸಿಗೆ ಸಿಕ್ಕಂತೆ ಮಲಗಿದ್ದವು. "ಹ್ಯೇ!" ಎಂದ. ಎದ್ದವು. ಕಪ್ಪು ಉಣ್ಣೆಯ ತುಂಬ ಕೆಂಪೆಲೆ ಮೆತ್ತಿಕೊಂಡು, ಸಂಜೆಬಿಸಿಲಿನಲ್ಲಿ ಸಾಲಾಗಿ ಬೋಳು ಮರದ ಮುಂದೆ ನಡೆದವು. ಮರವೇ ಇಳಿದು ಮನೆಗೆ ಹೊರಟಂತಿತ್ತು.

ಗಂಗಾಧರಪ್ಪ ಉಸಿರು ಬಿಗಿಹಿಡಿದು ಕ್ಲಿಕ್ಕಿಸಿದ. ಆಮೇಲೆ ಯಾರೂ ಹೇಳದಿದ್ದರೂ ಮರಕ್ಕೆ ಕೈಮುಗಿದ. ಇಂಥದ್ದು ತನ್ನ ಕಣ್ಣಿಗೇ ಕಾದಿತ್ತೇ! ಅಲ್ಲಿಂದಲೇ ಮುರುಗಪ್ಪನಿಗೆ ಕಳಿಸಿದ.

ಫೋನು ಬಂತು. "ಲೇ ಗಂಗಾಧರ, ಇಷ್ಟು ಚೆಂದ ನಮ್ಮ ಸೀಮೇಲೆಲ್ಲೈತೋ? ನೀನೂ ಇಂಟರ್ನೆಟ್ಟಿಂದ ಇಳಿಸಿದ್ಯಾ?"

"ದೇವ್ರಾಣೆ ರಾಮಗಿರೀದು! ಬೆಳಿಗ್ಗೆ ಬಂದು ಕಣ್ಣಾರೆ ನೋಡು, ಆಮೇಲೆ ಪ್ರೆಸ್ಸಿಗೆ ಕಳ್ಸು."

ಎಲೆ ಹೊದ್ದ ಕುರಿಗಳನ್ನು ನೋಡಲು ಸೊಸೈಟಿಯವರೇ ಬರುತ್ತಾರೆಂದು ಹಿಗ್ಗಿನಲ್ಲಿ ನಿಂಗಕ್ಕನಿಗೂ ಹೇಳಿ ಹೊರಟ.

ಬೆಳಿಗ್ಗೆ ಮುರುಗಪ್ಪ ಸ್ಕೂಟರಿನಿಂದಿಳಿದ. ಊರೇ ಸೇರಿತ್ತು. ಮರದ ಕೆಳಗೆ ಕುರಿಗಳು ಸಾಲಾಗಿ, ಕೆರೆಯಲ್ಲಿ ಮಿಂದು, ಹಣೆಗೆ ಕುಂಕುಮ ಇಟ್ಟುಕೊಂಡು, ಅಭಿಷೇಕ ಮುಗಿದ ಲಿಂಗದಂತೆ ಫಳಫಳ ಹೊಳೆಯುತ್ತಿದ್ದವು. ಮೈಮೇಲೆ ಒಂದೆಲೆಯೂ ಇಲ್ಲ.

"ಇವೇನಾ ನಿನ್ನ ಫೋಟೋದ ಕುರಿ?" ಎಂದು ನಕ್ಕ ಮುರುಗಪ್ಪ ಜೇಬಿನಿಂದ ಮೊಬೈಲು ತೆಗೆದು ತನ್ನ ಪರದೇಶದ ಮರವನ್ನು ಹುಡುಕತೊಡಗಿದ.

ಗಂಗಾಧರಪ್ಪ ಓಬಣ್ಣನ ಎರಡೂ ಕೈ ಹಿಡಿದ. "ಓಬಣ್ಣ, ನಿನ್ನ ದಮ್ಮಯ್ಯ. ಒಂದೇ ಒಂದು ಸಲ, ಇವನ್ನ ಆ ತಿಪ್ಪೆ ಮೇಲೆ ಮಲಗ್ಸಪ್ಪ."

ಓಬಣ್ಣ ಕೈ ಕೊಡವಿಕೊಂಡ. ಮುಂಡಾಸು ಸರಿ ಮಾಡಿಕೊಂಡ.

"ಆಗಾಕಿಲ್ಲ. ಜಿಲ್ಲೆಯೆಲ್ಲಾ ನೋಡೋ ಕುರಿ ಸ್ವಾಮಿ ಇವು."